ಹುಬ್ಬಳ್ಳಿಯಿಂದ ಮುಂಬೈಗೆ: ಯಾವ ಮಳೆಯಲ್ಲಿ ಹೋಗಬೇಕು, ಯಾವ ಮಳೆಯಲ್ಲಿ ಹೋಗಬಾರದು

ಮುಂಬೈ ಬಳಿಯ ಡೊಂಬಿವಲಿಯ ಅಕ್ಕನ ಮನೆಗೆ ನಾನು ಹೊರಟಾಗಲೆಲ್ಲ ಅವ್ವ ಐವತ್ತು ಖಡಕ್ ರೊಟ್ಟಿ ಕಟ್ಟಿಕೊಡುತ್ತಾಳೆ. ಜನವರಿಯಲ್ಲಿ ಒಯ್ದ ರೊಟ್ಟಿ ವಾರ ಕಳೆದರೂ ಮುರಿದರೆ ಚಟ್ ಎನ್ನುತ್ತದೆ. ಜುಲೈಯಲ್ಲಿ ಒಯ್ದದ್ದು ಮರುದಿನ ಬೆಳಗಿಗೆ ಮಡಚಿದರೂ ಮುರಿಯುವುದಿಲ್ಲ. ನಾಲ್ಕನೆಯ ದಿನಕ್ಕೆ ಅಂಚಿನಲ್ಲಿ ಹಸಿರು ಬೂಷ್ಟು. ಅದೇ ಜೋಳ, ಅದೇ ಕೈ, ಅದೇ ಬಟ್ಟೆಯ ಗಂಟು.

ಮುಂಬೈಯ ಹವೆ ತಿಳಿಯುವುದಕ್ಕೆ ಮೊಬೈಲಿನಲ್ಲಿ ಕಾಣುವ ಉಷ್ಣಾಂಶಕ್ಕಿಂತ ನನಗೆ ಈ ರೊಟ್ಟಿಯ ಮೇಲೆ ಹೆಚ್ಚು ನಂಬಿಕೆ. ಏಪ್ರಿಲ್‌ನಲ್ಲಿ ಗದಗಿನಲ್ಲಿ 38 ಡಿಗ್ರಿ, ಮುಂಬೈಯಲ್ಲಿ 33 ಎಂದು ನೋಡಿ, ಐದು ಡಿಗ್ರಿ ತಂಪು ಸಿಕ್ಕಿತೆಂದು ಹಿಗ್ಗಿ ಹೊರಟವರಿದ್ದಾರೆ. ಒಂದು ವರ್ಷ ನಾನೂ ಹಾಗೆಯೇ ಹೊರಟಿದ್ದೆ. ದಾದರ್ ಸೇತುವೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮದು ಒಣ ಹವೆ, ಬೆವರು ಬಂದಂತೆ ಆರುತ್ತದೆ, ಆರುವಾಗ ಮೈಯನ್ನು ತಂಪು ಮಾಡಿಯೇ ಹೋಗುತ್ತದೆ. ಕಡಲ ದಂಡೆಯಲ್ಲಿ ಗಾಳಿಯೇ ನೀರು ಕುಡಿದು ನಿಂತಿರುತ್ತದೆ, ಬೆವರಿಗೆ ಹೋಗಲು ಜಾಗವಿಲ್ಲ. ಆದ್ದರಿಂದ ಗದಗಿನ 38ಕ್ಕೆ ಒಂದು ಟವೆಲ್ ಸಾಕು, ಮುಂಬೈಯ 33ಕ್ಕೆ ದಿನಕ್ಕೆ ಎರಡು ಅಂಗಿ ಬೇಕು.

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯಿಂದ ಮುಂಬೈಗೆ ಹೋಗುವವರು ಮೂರನ್ನು ನೋಡಿ ದಿನ ಗೊತ್ತು ಮಾಡಬೇಕು: ಗಾಳಿಯ ತೇವ, ಕಡಲಿನ ಉಬ್ಬರ, ದಾರಿಯ ಘಾಟು, ಅಂದರೆ ಘಟ್ಟ. ಉಷ್ಣಾಂಶವನ್ನು ಕೊನೆಯಲ್ಲಿ ನೋಡಿದರೂ ನಡೆಯುತ್ತದೆ.

ದಿನ ನಿಮ್ಮ ಕೈಯಲ್ಲಿದೆಯೇ?

ಟಿಕೆಟ್ ನೋಡುವ ಮೊದಲು ಇದೊಂದನ್ನು ಕೇಳಿಕೊಳ್ಳಿ. ಪರೇಲಿನ ಆಸ್ಪತ್ರೆಯಲ್ಲಿ ತೋರಿಸುವ ದಿನ, ನೌಕರಿಯ ಸಂದರ್ಶನ, ಮಗಳ ಹೆರಿಗೆ ನಾವು ಹೇಳಿದಂತೆ ಕೇಳುವುದಿಲ್ಲ. ಎಲಿಫೆಂಟಾ ನೋಡುವುದು, ಮೊಮ್ಮಕ್ಕಳನ್ನು ನೋಡುವುದು, ಮದುವೆಯ ಜವಳಿ ತರುವುದು ಕೇಳುತ್ತವೆ. ಮೊದಲ ಬಗೆಯವರು ತಿಂಗಳ ಲೆಕ್ಕವನ್ನು ಬಿಟ್ಟು ನೇರವಾಗಿ ಉಬ್ಬರದ ಭಾಗಕ್ಕೂ ಮಳೆಯ ದಿನದ ಭಾಗಕ್ಕೂ ಹೋಗಬಹುದು. ಅವರಿಗೆ ಅವೇ ಮುಖ್ಯ.

ವರ್ಷವನ್ನು ಮಳೆಯ ನಕ್ಷತ್ರಗಳಲ್ಲಿ ಓದಿ

ಬಿತ್ತುವುದಕ್ಕೆ ನೋಡುವ ಮಳೆ ನಕ್ಷತ್ರಗಳು ಮುಂಬೈ ಪ್ರಯಾಣಕ್ಕೂ ಚೆನ್ನಾಗಿಯೇ ಒದಗುತ್ತವೆ.

ಮೃಗಶಿರ, ನಮ್ಮ ಕಡೆಯವರ ಮಿರಗ, ಜೂನ್ 7–8ರ ಸುಮಾರಿಗೆ ಹೂಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬೈ ಮುಟ್ಟುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಅದೇ ದಿನ ವರ್ಲಿಯಲ್ಲಿ ಆಗಷ್ಟೇ ತೆರೆದಿದ್ದ ನೆಲದಡಿಯ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿತು. ಹಾಗಾಗಿ ಮೇ ಕೊನೆಯ ವಾರಕ್ಕೆ ‘ಇನ್ನೂ ಮಿರಗ ಹೂಡಿಲ್ಲವಲ್ಲ’ ಎಂದು ಧೈರ್ಯವಾಗಿ ಟಿಕೆಟ್ ತೆಗೆಯುವುದನ್ನು ನಾನು ಬಿಟ್ಟಿದ್ದೇನೆ.

ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಅಂದರೆ ಜೂನ್ 22ರಿಂದ ಆಗಸ್ಟ್ ಮಧ್ಯದವರೆಗಿನ ಈ ನಾಲ್ಕು ಮಳೆ ಮುಂಬೈಯಲ್ಲಿ ಅಸಲಿ ಮಳೆ. ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುತ್ತದೆ. ಗದಗ ಜಿಲ್ಲೆ ವರ್ಷವಿಡೀ ಕಾಯ್ದರೂ ಅಷ್ಟು ಮಳೆ ಕಾಣುವುದಿಲ್ಲ. ನಮ್ಮ ಊರಿನ ಮಳೆಯ ಅಂದಾಜು ಇಟ್ಟುಕೊಂಡು, ಬಂದರೆ ಒಂದು ತಾಸು ಅಂಗಡಿಯ ಮುಂದೆ ನಿಂತರಾಯಿತು ಎಂದುಕೊಂಡರೆ ಕೆಟ್ಟೆವು. ಅಲ್ಲಿ ಒಂದು ತಾಸು ನಿಂತರೆ ಅಂಗಡಿಯವನೂ ನಾವೂ ಒಂದೇ ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂಡಬೇಕಾಗುತ್ತದೆ. ದಿನ ಕೈಯಲ್ಲಿರುವವರು ಈ ನಾಲ್ಕು ಮಳೆಯನ್ನು ಬಿಟ್ಟುಬಿಡಿ. ಅಷ್ಟಕ್ಕೂ ಆಗ ಹೊಲದಲ್ಲಿ ಕಳೆ, ಎಡೆ ಹೊಡೆಯುವ ಕೆಲಸ ಬಿಟ್ಟು ಬರುವ ರೈತನಿಗೆ ಮುಂಬೈಯಲ್ಲಿ ನಿದ್ದೆಯೂ ಬರುವುದಿಲ್ಲ.

ಮಘಾ, ಹುಬ್ಬಾ, ಉತ್ತರಾ ಮಳೆಗಳಿಗೆ ಅಬ್ಬರ ತಗ್ಗುತ್ತದೆ, ಹಸಿರು ಉಳಿದಿರುತ್ತದೆ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳನ್ನು ನೋಡಲು ನನಗೆ ಇದೇ ಒಳ್ಳೆಯ ಕಾಲ: ಬಂಡೆಯಲ್ಲಿ ಕೊರೆದ ಕಾಲುವೆ, ತೊಟ್ಟಿಗಳಲ್ಲಿ ನೀರು ಹರಿಯುವುದು ಕಾಣುತ್ತದೆ. ಬಿಸಿಲುಕಾಲದಲ್ಲಿ ಹೋದವರಿಗೆ ಅವು ಬರಿಯ ಗೀರುಗಳು. ಸೋಮವಾರ ಉದ್ಯಾನ ಮುಚ್ಚಿರುತ್ತದೆ. ಈ ಕಾಲದ ತೊಡಕು ಮಳೆಯದಲ್ಲ, ಗಣಪತಿಯದು. ಭಾದ್ರಪದ ಚೌತಿಯಿಂದ ಅನಂತ ಚತುರ್ದಶಿಯವರೆಗೆ ಲಾಲ್‌ಬಾಗ್, ಪರೇಲ್, ಗಿರಗಾಂವ್ ಸುತ್ತ ಕಾಲಿಡಲು ಜಾಗವಿರುವುದಿಲ್ಲ, ವಿಸರ್ಜನೆಯ ದಿನ ಹಲವು ರಸ್ತೆಗಳನ್ನು ಮುಚ್ಚುತ್ತಾರೆ. ಗಣಪತಿಯನ್ನೇ ನೋಡಲು ಹೋಗುವವರ ಮಾತು ಬೇರೆ. ಹುಬ್ಬಳ್ಳಿಯ ಹನ್ನೊಂದನೆಯ ದಿನದ ಮೆರವಣಿಗೆಯಲ್ಲಿ ನಿಂತು ಅಭ್ಯಾಸವಿದ್ದವರೂ ಅಲ್ಲಿನ ನೂಕಿಗೆ ತಯಾರಾಗಿಯೇ ಹೋಗಬೇಕು.

ಹಸ್ತ ಮುಗಿಯುವ ಹೊತ್ತಿಗೆ, ಅಕ್ಟೋಬರ್ 8ರ ಸುಮಾರಿಗೆ, ಮುಂಗಾರು ಮುಂಬೈ ಬಿಡುವುದು ವಾಡಿಕೆ. ಮಳೆ ಹೋಯಿತು, ಇನ್ನು ತಂಪು ಎಂದುಕೊಳ್ಳುವುದು ನಮ್ಮವರು ಮಾಡುವ ಎರಡನೆಯ ತಪ್ಪು. ಚಿತ್ತಾ, ಸ್ವಾತಿಯ ಕಾಲಕ್ಕೆ ಅಲ್ಲಿ ‘ಅಕ್ಟೋಬರ್ ಹೀಟ್’ ಎಂದೇ ಹೆಸರು ಬಿದ್ದ ಸೆಕೆ ಏಳುತ್ತದೆ. ಮೋಡ ಸರಿದಿರುತ್ತದೆ, ನೆಲ ಇನ್ನೂ ಹಸಿ, ಕಡಲಿನಿಂದ ಬರಬೇಕಾದ ಗಾಳಿ ಹೊತ್ತೇರಿದ ಮೇಲೆ ಬರುತ್ತದೆ. ಮಧ್ಯಾಹ್ನ 35–36 ಡಿಗ್ರಿ. ದಸರಾ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವವರು ಬೆಳಗ್ಗೆ 7ರಿಂದ 11, ಸಂಜೆ 5ರ ನಂತರ ಎಂದು ದಿನವನ್ನು ಎರಡು ತುಂಡು ಮಾಡಿಕೊಳ್ಳಿ. ಹಾಗೆ ಮಾಡಿದರೆ ಮೇ ರಜೆಗಿಂತ ಇದು ಎಷ್ಟೋ ಮೇಲು.

ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಹಬ್ಬ. ಹಗಲು 30–32, ಬೆಳಗಿನ ಜಾವ 16–20 ಡಿಗ್ರಿ. ಈ ಮೂರೂವರೆ ತಿಂಗಳಲ್ಲೂ ನಮ್ಮ ಕಡೆಯ ಒಕ್ಕಲು ಮನೆತನಗಳಿಗೆ ಹೇಳಿ ಮಾಡಿಸಿದ ಒಂದು ಸಂದು ಇದೆ: ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಹಿಂಗಾರಿ ಜೋಳ ಕೊಯ್ಲಿಗೆ ಬರುವ ಮುಂಚೆ. ಹಾವೇರಿ ಕಡೆಯವರಿಗಾದರೆ ಹೊಸ ಬ್ಯಾಡಗಿ ಮೆಣಸಿನಕಾಯಿಯೂ ಆಗ ಮಾರುಕಟ್ಟೆಯಲ್ಲಿರುತ್ತದೆ. ಒಣ ಹವೆಯಲ್ಲಿ ಒಯ್ದದ್ದು ಬೀಗರ ಮನೆಯ ಡಬ್ಬಿ ಸೇರುವವರೆಗೆ ಗರಿಗರಿಯಾಗಿಯೇ ಇರುತ್ತದೆ. ಈ ಕಾಲಕ್ಕೂ ಒಂದು ಕುಂದುಂಟು. ಚಳಿಗಾಲದಲ್ಲಿ ಕಡಲ ಗಾಳಿ ಬಲ ಕಳೆದುಕೊಂಡು ಕಟ್ಟಡಗಳ ದೂಳು, ವಾಹನಗಳ ಹೊಗೆ ಊರ ಮೇಲೆಯೇ ನಿಲ್ಲುತ್ತದೆ. ಉಬ್ಬಸದವರು ಇನ್‌ಹೇಲರ್ ಅನ್ನು ದೊಡ್ಡ ಬ್ಯಾಗಿನಲ್ಲಿ ಹಾಕದೆ ಕಿಸೆಯಲ್ಲಿ ಇಟ್ಟುಕೊಳ್ಳಲಿ. ಡಿಸೆಂಬರ್ 6ರಂದು ಅಂಬೇಡ್ಕರರ ಮಹಾಪರಿನಿರ್ವಾಣ ದಿನಕ್ಕೆ ಲಕ್ಷಾಂತರ ಜನ ದಾದರಿನ ಚೈತ್ಯಭೂಮಿಗೆ ಬರುತ್ತಾರೆ. ಆ ದಿನ ಅಲ್ಲಿಗೇ ಹೋಗುವವರಲ್ಲದಿದ್ದರೆ ದಾದರಿನಲ್ಲಿ ಕೋಣೆ ಹುಡುಕಬೇಡಿ. ಜನವರಿಯ ಮೂರನೆಯ ಭಾನುವಾರ ಮ್ಯಾರಥಾನ್ ಓಟಕ್ಕಾಗಿ ದಕ್ಷಿಣ ಮುಂಬೈಯ ರಸ್ತೆಗಳು ಬೆಳಗ್ಗೆ ಮುಚ್ಚಿರುತ್ತವೆ.

ಮಾರ್ಚ್‌ನಿಂದ ಮೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಚ್‌ನಲ್ಲಿ ಕಡಲ ಗಾಳಿ ತಡವಾದ ದಿನ 38 ಡಿಗ್ರಿ ದಾಟುವುದುಂಟು, ಮೇ ತಿಂಗಳಲ್ಲಿ ಉಷ್ಣಾಂಶ ಕಡಿಮೆ, ಬೇಗೆ ಹೆಚ್ಚು. ಆಪೂಸ್ ತಿನ್ನಲೆಂದೇ ಏಪ್ರಿಲ್‌ನಲ್ಲಿ ಹೋಗುತ್ತೇನೆ ಎನ್ನುವವರಿಗೆ, ಕನಿಷ್ಠ ಧಾರವಾಡದವರಿಗೆ, ಒಂದು ಮಾತು: ಕೆಲಗೇರಿಯ ತೋಟದ ಆಪೂಸ್ ಇರುವಾಗ ಅಷ್ಟು ದೂರ ಬೆವರುತ್ತಾ ಹೋಗುವ ಜರೂರು ಏನು?

ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಲೇಬೇಕಾದವರು ಈ ಭಾಗವನ್ನು ನಿಧಾನವಾಗಿ ಓದಿ.

ಮುಂಬೈಯಲ್ಲಿ ನೀರು ನಿಲ್ಲುವುದಕ್ಕೆ ಮಳೆ ಒಂದೇ ಕಾರಣವಲ್ಲ. ಊರಿನ ಮಳೆನೀರಿನ ಗಟಾರುಗಳು ಕಡಲಿಗೂ ಖಾರಿಗಳಿಗೂ (ನೆಲದೊಳಗೆ ಚಾಚಿದ ಕಡಲ ಕವಲುಗಳಿಗೂ) ಹೋಗಿ ಬೀಳುತ್ತವೆ. ಕಡಲು ಉಕ್ಕಿ ಗಟಾರಿನ ಬಾಯಿಗಿಂತ ಮೇಲೆ ನಿಂತಾಗ ಊರಿನ ನೀರು ಹೊರಗೆ ಹೋಗಲಾರದು, ಕಡಲ ನೀರೇ ಒಳಗೆ ನುಗ್ಗದಂತೆ ತೂಬು ಹಾಕಬೇಕಾಗುತ್ತದೆ. ಆಗ ಪಂಪ್ ಮಾಡಿ ಎತ್ತಿ ಹಾಕಿದಷ್ಟೇ ಹೊರಗೆ. ನಮ್ಮ ಬಚ್ಚಲಿನ ಕೊಳವೆಗೆ ಅರಿವೆ ಸಿಕ್ಕಿಕೊಂಡಾಗ ಸ್ನಾನದ ನೀರು ಹೊಸ್ತಿಲು ದಾಟುತ್ತದಲ್ಲ, ಹಾಗೆ. ಉಬ್ಬರಕ್ಕೆ ಅಲ್ಲಿ ‘ಭರತಿ’ ಎನ್ನುತ್ತಾರೆ. ಭರತಿ ನಾಲ್ಕೂವರೆ ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಮುಂಬೈ ಮಹಾನಗರ ಪಾಲಿಕೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪ್ರಕಟಿಸುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ.

ಪಟ್ಟಿ ಸಿಗದಿದ್ದರೂ ಚಿಂತೆಯಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಒಂದು ಗುಂಡು ಹಾಕಿ, ಅದರ ಮುಂದಿನ ಮೂರು ದಿನಕ್ಕೂ ಹಾಕಿ. ದೊಡ್ಡ ಭರತಿಗಳು ಬಹುಪಾಲು ಈ ಗುಂಡುಗಳೊಳಗೇ ಬೀಳುತ್ತವೆ. ಈ ದಿನಗಳಲ್ಲಿ ಮುಂಬೈಯಲ್ಲಿ ನೀರು ಏರುವ ಹೊತ್ತು ಹೆಚ್ಚುಕಡಿಮೆ ಮಧ್ಯಾಹ್ನ 12ರಿಂದ 2, ಮತ್ತೆ ನಡುರಾತ್ರಿಯ ನಂತರ. ದಿನ ಕಳೆದಂತೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿ, ನವಮಿಯ ಸುಮಾರಿಗೆ ಭರತಿ ಸಣ್ಣದಾಗುತ್ತದೆ. ಜುಲೈನಲ್ಲಿ ಆಸ್ಪತ್ರೆಗೆ ತೋರಿಸಲು ‘ಈ ವಾರ ಬರುತ್ತೀರೋ ಮುಂದಿನ ವಾರವೋ’ ಎಂದು ಕೇಳಿದರೆ ಪಂಚಾಂಗ ನೋಡಿ ಅಷ್ಟಮಿಯ ಆಚೀಚೆಯ ದಿನ ಹೇಳಿ. ಮುಹೂರ್ತ ನೋಡುತ್ತಿದ್ದಾರೆ ಎಂದು ಅವರು ನಕ್ಕರೆ ನಗಲಿ.

ಭರತಿ ಒಂದೇ ಬಂದರೆ ದೊಡ್ಡ ಕೇಡಿಲ್ಲ, ಮರೀನ್ ಡ್ರೈವ್‌ನ ಕಟ್ಟೆಯ ಮೇಲಿಂದ ಅಲೆ ಹಾರುವುದನ್ನು ಜನ ನೋಡಲು ನಿಲ್ಲುತ್ತಾರೆ. ಅದೇ ತಾಸಿಗೆ ಧಾರಾಕಾರ ಮಳೆಯೂ ಸೇರಿದರೆ ತೊಂದರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿಲಿಮೀಟರ್ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73. ಒಂದೇ ಊರು, ಒಂದೇ ದಿನ! ಆದ್ದರಿಂದ ‘ಮುಂಬೈಯಲ್ಲಿ ಮಳೆ ಹೇಗಿದೆ’ ಎಂದು ಫೋನಿನಲ್ಲಿ ಕೇಳಬೇಡಿ. ‘ಕುರ್ಲಾದಲ್ಲಿ ಹೇಗಿದೆ, ದಾದರಿನಲ್ಲಿ ಹೇಗಿದೆ’ ಎಂದು ಕೇಳಿ. ಹವಾಮಾನ ಇಲಾಖೆಯೂ ಕೊಲಾಬಾ, ಸಾಂತಾಕ್ರೂಜ್ ಎಂದು ಎರಡು ಲೆಕ್ಕ ಕೊಡುತ್ತದೆ: ಹಳೆಯ ಊರಿನ ಕಡೆ ಉಳಿಯುವವರು ಮೊದಲನೆಯದನ್ನು, ಉಪನಗರದವರು ಎರಡನೆಯದನ್ನು ನೋಡಬೇಕು.

ಉಬ್ಬರದ ಹೊತ್ತು ಮಳೆಯಿಲ್ಲದ ಕಾಲದಲ್ಲೂ ಬೇಕಾಗುತ್ತದೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ಭರತಿಗೆ ಮುಳುಗುತ್ತದೆ. ಇಳಿಯುವವರೆಗೆ ಈಚೆ ದಡದಲ್ಲಿ ಕಾಯುವುದೇ.

ದಾರಿಯ ಘಾಟು

ಮುಂಬೈಯ ಮುನ್ಸೂಚನೆ ನೋಡಿ ಹೊರಟು, ಮುಂಬೈ ಮುಟ್ಟದೆ ಉಳಿದವರ ಪೈಕಿ ನಾನೂ ಒಬ್ಬ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಬಳಿ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಖಾಸಗಿ ಬಸ್ಸಿನವನೊಬ್ಬ ‘ದಾರಿ ತೆರೆದಿದೆ, ಬನ್ನಿ’ ಎಂದು ಹತ್ತಿಸಿಕೊಂಡು, ನಿಪ್ಪಾಣಿಯ ಹತ್ತಿರ ಲಾರಿಗಳ ಸಾಲಿನಲ್ಲಿ ನಿಲ್ಲಿಸಿದ. ರಾತ್ರಿಯೆಲ್ಲ ಕೂತು ಬೆಳಗ್ಗೆ ತಿರುಗಿ ಬಂದೆವು, ಅವ್ವನ ಐವತ್ತು ರೊಟ್ಟಿ ಇಡೀ ಬಸ್ಸಿಗೆ ಹಂಚಿ ಹೋದವು. 2021ರ ಜುಲೈಯಲ್ಲೂ ಅದೇ ಹೆದ್ದಾರಿ ಅದೇ ಪಾಡು ಪಟ್ಟಿತು.

ಹುಬ್ಬಳ್ಳಿಯಿಂದ ಮುಂಬೈಗೆ ಬಸ್ಸಾದರೆ ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ. ರೈಲಾದರೆ ಲೋಂಡಾ, ಬೆಳಗಾವಿ, ಮೀರಜ್, ಪುಣೆ. ಎರಡೂ ಕೊನೆಗೆ ಲೋಣಾವಳದ ಬೋರ್ ಘಾಟು ಇಳಿಯಲೇಬೇಕು. ಮಳೆಗಾಲದಲ್ಲಿ ಘಾಟಿನಲ್ಲಿ ಬಂಡೆ ಉರುಳಿದರೆ, ಮಣ್ಣು ಕುಸಿದರೆ ರೈಲು ಪುಣೆಯಲ್ಲೇ ನಿಲ್ಲುವುದುಂಟು. ಹಾಗಾಗಿ ಹೊರಡುವ ದಿನ ಮುಂಬೈಯ ಜೊತೆ ಕೊಲ್ಹಾಪುರ, ಪುಣೆ ಜಿಲ್ಲೆಗಳಿಗೆ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆಯ ಬಣ್ಣವನ್ನೂ ನೋಡಿ. ಹಳದಿಗೆ ಹೊರಡಬಹುದು. ಕಿತ್ತಳೆಗೆ ಬಸ್ ಬಿಟ್ಟು ರೈಲು ಹಿಡಿಯಿರಿ. ಕೆಂಪಿಗೆ ಮನೆಯಲ್ಲಿರಿ. ಇಲಾಖೆಯ ಭಾಷೆಯಲ್ಲಿ 24 ತಾಸಿಗೆ 64.5 ಮಿಲಿಮೀಟರ್ ಮುಟ್ಟಿದರೆ ‘ಭಾರೀ’, 204.4 ದಾಟಿದರೆ ‘ಅತ್ಯಂತ ಭಾರೀ’.

ರೈಲು ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. ಅಷ್ಟು ಮುಂದಿನ ಮಳೆಯನ್ನು ಯಾರೂ ಹೇಳಲಾರರು. ಅದಕ್ಕೇ ಮಳೆಗಾಲದ ಟಿಕೆಟ್ ತೆಗೆಯುವಾಗ ಹಣ ಹಿಂದಿರುಗುವ ನಿಯಮ ತಿಳಿದಿರಲಿ. ರೈಲೇ ರದ್ದಾದರೆ ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿ ಮರಳುತ್ತದೆ. ನೀವು ಹತ್ತುವ ನಿಲ್ದಾಣಕ್ಕೆ ರೈಲು ಮೂರು ತಾಸಿಗಿಂತ ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಬರುತ್ತದೆ; ಆದರೆ ರೈಲು ಹೊರಡುವ ಮುಂಚೆಯೇ ಟಿಡಿಆರ್ (ಹಣ ಮರಳಿ ಕೇಳುವ ಅರ್ಜಿ) ಸಲ್ಲಿಸಬೇಕು. ತಡವಾದ ರೈಲು ಹೋಗಿಬಿಟ್ಟ ಮೇಲೆ ಕೌಂಟರಿನ ಮುಂದೆ ಜಗಳವಾಡಿದರೆ ಗಂಟಲು ನೋಯುವುದಷ್ಟೇ.

ಇನ್ನೊಂದು ಸಣ್ಣ ಮಾತು. ಹುಬ್ಬಳ್ಳಿಯ ದೊಡ್ಡ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿಗೇ ಉದ್ದವಾದದ್ದು. ಹೆಮ್ಮೆಯ ಸಂಗತಿ, ಕೈಯಲ್ಲಿ ಎರಡು ಚೀಲ ಇಲ್ಲದಿದ್ದರೆ. ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಫಲಕ ನೋಡಿ ನಿಲ್ಲಿ.

ಎಲ್ಲಿ ಇಳಿಯಬೇಕು, ಎಲ್ಲಿ ಉಳಿಯಬೇಕು

ಬೇಸಿಗೆ, ಚಳಿಗಾಲದಲ್ಲಿ ಎಲ್ಲಿ ಉಳಿದರೂ ಲೋಕಲ್ ರೈಲು ನಿಮ್ಮನ್ನು ಮುಟ್ಟಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಕೆಲಸದ ಜಾಗಕ್ಕೆ ನಡೆದು ಹೋಗುವ ದೂರದಲ್ಲಿ ಕೋಣೆ ಹಿಡಿಯಿರಿ, ಬಾಡಿಗೆ ನಾನೂರು ರೂಪಾಯಿ ಹೆಚ್ಚಾದರೂ ಆಗಲಿ. ಕುರ್ಲಾ–ಸಾಯನ್ ನಡುವೆ ಹಳಿಯ ಮೇಲೆ ನೀರು ನಿಂತರೆ ಡೊಂಬಿವಲಿ, ಠಾಣೆ ಕಡೆಯ ಮಧ್ಯ ರೈಲ್ವೆಯ ಲೋಕಲ್ ನಿಲ್ಲುತ್ತದೆ. ದೂರದ ಅಕ್ಕನ ಮನೆ ಆಗ ಇನ್ನೂ ದೂರವಾಗುತ್ತದೆ. ನೀರು ನಿಲ್ಲುವ ಜಾಗಗಳು ಹಳೆಯವೇ: ಪರೇಲ್ ಬಳಿಯ ಹಿಂದಮಾತಾ, ಸಾಯನ್, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಮೀಠಿ ನದಿಯ ದಂಡೆಯ ಕುರ್ಲಾ, ಅಂಧೇರಿ ಮತ್ತು ಮಿಲನ್ ಸಬ್‌ವೇಗಳು. ಹಿಂದಮಾತಾದಲ್ಲಿ ನೆಲದಡಿ ದೊಡ್ಡ ತೊಟ್ಟಿ ಕಟ್ಟಿದ ಮೇಲೆ ನೀರು ಮೊದಲಿಗಿಂತ ಬೇಗ ಇಳಿಯುತ್ತದೆ, ಆದರೂ ಪರೇಲಿನ ಆಸ್ಪತ್ರೆಗೆ ಬರುವವರು ಆಸ್ಪತ್ರೆ ಇರುವ ಮಗ್ಗುಲಿನಲ್ಲೇ ಉಳಿದರೆ ವಾಸಿ.

ಠಾಣೆ, ಡೊಂಬಿವಲಿ ಕಡೆಯವರು ದಾದರಿನವರೆಗೆ ಹೋಗಿ ಹಿಂದೆ ಬರಬೇಕಿಲ್ಲ, ಕಲ್ಯಾಣದಲ್ಲಿ ಇಳಿಯಿರಿ. ಭಾನುವಾರ ಹಳಿ ದುರಸ್ತಿಗೆ ‘ಮೆಗಾಬ್ಲಾಕ್’ ಇರುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಗಾಡಿ ವಿರಳ. ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ 11 ದಕ್ಷಿಣಕ್ಕೆ, ಸಂಜೆ 5ರಿಂದ 9 ಉತ್ತರಕ್ಕೆ ಹೋಗುವ ಗಾಡಿಯಲ್ಲಿ ಚೀಲ ಹಿಡಿದು ಹತ್ತಬಾರದು. ಯಾವ ಋತುವಿನಲ್ಲೂ.

ಯಾವುದನ್ನು ಯಾವಾಗ ನೋಡುವುದು

ಎಲಿಫೆಂಟಾಕ್ಕೆ ಗೇಟ್‌ವೇಯಿಂದ ಸುಮಾರು ಒಂದು ತಾಸಿನ ದೋಣಿ ಪ್ರಯಾಣ. ಕಡಲು ಕೆರಳಿದ ದಿನ ದೋಣಿ ಬಿಡುವುದಿಲ್ಲ, ಸೋಮವಾರ ಗುಹೆ ತೆರೆಯುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ. ಲಕ್ಕುಂಡಿಯ ನಯವಾದ ಕೆತ್ತನೆ ನೋಡಿ ಬೆಳೆದ ಗದಗಿನವರಿಗೆ ಅಲ್ಲಿನ ಇಪ್ಪತ್ತು ಅಡಿಯ ಸದಾಶಿವನ ಮುಂದೆ ನಿಂತಾಗ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ. ಇಲ್ಲಿ ಬೆರಳಿನಷ್ಟು ಸೂಕ್ಷ್ಮ, ಅಲ್ಲಿ ಬೆಟ್ಟದಷ್ಟು ಮೌನ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ‘ಪುರಿ’ಯ ಮೇಲೆ ದಂಡೆತ್ತಿ ಹೋದನೆಂದು 634ರ ಐಹೊಳೆ ಶಾಸನ ಹೇಳುತ್ತದೆ, ಆ ಪುರಿ ಈ ದ್ವೀಪವೇ ಇರಬೇಕೆಂದು ಊಹಿಸಿದ ವಿದ್ವಾಂಸರಿದ್ದಾರೆ. ನಮ್ಮ ದೊರೆ ಯಾವ ತಿಂಗಳಲ್ಲಿ ಹಡಗು ಬಿಟ್ಟನೋ, ಆಷಾಢದಲ್ಲಿ ಮಾತ್ರ ಆಗಿರಲಿಕ್ಕಿಲ್ಲ.

ಠಾಣೆ ಖಾರಿಯ ರಾಜಹಂಸಗಳು ಚಳಿಗಾಲಕ್ಕೆ ಬಂದು ಬೇಸಿಗೆಯವರೆಗೆ ಇರುತ್ತವೆ. ಐರೋಲಿಯಿಂದ ದೋಣಿಯಲ್ಲಿ ಹೋಗಿ ನೋಡಬಹುದು, ದೋಣಿಯ ವೇಳೆ ಮತ್ತೆ ಭರತಿಯ ಮೇಲೆಯೇ. ಜುಹೂ ದಂಡೆಗೆ ಮಳೆಗಾಲದಲ್ಲಿ ನೀಲಿ ಗುಳ್ಳೆಯಂಥ ಕುಟುಕುವ ಜೀವಿಗಳು ಬಂದು ಬೀಳುತ್ತವೆ, ಮಕ್ಕಳನ್ನು ಬರಿಗಾಲಿನಲ್ಲಿ ಬಿಡಬೇಡಿ. ಮಳೆ ಹಿಡಿದ ದಿನಕ್ಕೆ ಕೋಟೆ ಭಾಗದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯವೋ ವರ್ಲಿಯ ನೆಹರೂ ವಿಜ್ಞಾನ ಕೇಂದ್ರವೋ ಕೈಯಲ್ಲಿರಲಿ. ಹೊರಗೆ ನೋಡುವಂಥದ್ದು ಮೂರಕ್ಕೆ ಒಳಗೆ ನೋಡುವಂಥದ್ದು ಒಂದು ಎಂದು ಬರೆದುಕೊಂಡು ಹೋದರೆ ದಿನ ಹಾಳಾಗದು.

ಮಳೆಯ ದಿನ ಬೆಳಗ್ಗೆ

ಚಹಾ ಕುಡಿಯುವಾಗಲೇ ಮೂರು ನೋಡಿ: ಎಚ್ಚರಿಕೆಯ ಬಣ್ಣ, ಭರತಿಯ ವೇಳೆ, ಲೋಕಲ್ ಓಡುತ್ತಿದೆಯೇ ಎಂಬುದು. ಲೋಕಲ್‌ಗೆ ಅಲ್ಲಿನವರು ಎಂ-ಇಂಡಿಕೇಟರ್ ಎಂಬ ಆ್ಯಪ್ ನೋಡುತ್ತಾರೆ, ಅದರಲ್ಲಿ ಪ್ರಯಾಣಿಕರೇ ಹಾಕುವ ಸುದ್ದಿ ಎಲ್ಲಕ್ಕಿಂತ ತಾಜಾ. ಭರತಿ ಒಂದು ಗಂಟೆಗೆ ಇದ್ದರೆ ಹನ್ನೊಂದಕ್ಕೆ ಮುಂಚೆ ಕೆಲಸದ ಜಾಗದೊಳಗೆ ಇರಿ, ನಾಲ್ಕರವರೆಗೆ ಹೊರಬೀಳಬೇಡಿ. ಮಧ್ಯಾಹ್ನ ಒಂದಕ್ಕೆ ‘ಮಳೆ ಕಡಿಮೆಯಾಗಿದೆ’ ಎಂದು ಹೊರಟವರೇ ಸಿಕ್ಕಿಬೀಳುತ್ತಾರೆ.

ಲೋಕಲ್ ನಡುದಾರಿಯಲ್ಲಿ ನಿಂತರೆ ಇಳಿಯಬೇಡಿ. ನನಗೆ ಕುರ್ಲಾದ ಬಳಿ ಎರಡೂವರೆ ತಾಸು ಹೀಗೆ ಆದಾಗ, ಎದುರಿನ ಸೀಟಿನ ವಯಸ್ಸಾದ ತಾಯಿಯೊಬ್ಬರು ‘ಗಾಡಿಯಲ್ಲಿ ಕೂತವರು ತಡವಾಗಿ ಮನೆಗೆ ಹೋಗುತ್ತಾರೆ, ಇಳಿದವರು ಹೋಗುತ್ತಾರೋ ಇಲ್ಲವೋ’ ಎಂದು ಹೇಳಿ ಕಡಲೆಬೇಳೆಯ ಪೊಟ್ಟಣ ಬಿಚ್ಚಿದರು. ರಸ್ತೆಯ ನೀರಿನಲ್ಲಿ ಕಾಲು ಹಾಕುವಾಗ ತೆರೆದ ಮ್ಯಾನ್‌ಹೋಲ್ ಕಾಣುವುದಿಲ್ಲ, ಜೀವ ಹೋದದ್ದಿದೆ. ಬೇರೆ ದಾರಿ ಇಲ್ಲದಿದ್ದರೆ ಛತ್ರಿಯನ್ನು ಮುಚ್ಚಿ ಕೋಲಿನಂತೆ ಮುಂದೆ ಊರುತ್ತಾ ಹೋಗಿ. ಅಂಥ ನೀರು ತುಳಿದವರಿಗೆ ಇಲಿ ಜ್ವರದ ಭಯ: 72 ತಾಸಿನೊಳಗೆ ವೈದ್ಯರನ್ನು ಕಂಡು ತಡೆ ಮಾತ್ರೆ ಬೇಕೇ ಎಂದು ಕೇಳಬೇಕೆಂದು ಪಾಲಿಕೆಯೇ ಹೇಳುತ್ತದೆ. ಕಾಲಿನಲ್ಲಿ ಗಾಯವಿದ್ದವರು, ಸಕ್ಕರೆ ಕಾಯಿಲೆಯವರು ಊರಿಗೆ ಬಂದ ಮೇಲೆ ತೋರಿಸಿದರಾಯಿತು ಎಂದು ಬಿಡಬಾರದು. ಪಾಲಿಕೆಯ ಸಹಾಯವಾಣಿ 1916, ರೈಲಿನದು 139.

ಮಳೆಗೆ ಮುಂಚಿನ ಬಿರುಗಾಳಿಯಲ್ಲಿ ದೊಡ್ಡ ಜಾಹೀರಾತು ಫಲಕದ ಕೆಳಗೆ ನಿಲ್ಲಬೇಡಿ. 2024ರ ಮೇ 13ರಂದು ಘಾಟ್ಕೋಪರಿನಲ್ಲಿ ಅಂಥದ್ದೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ ಹಲವರು ಸತ್ತರು.

ಚೀಲಕ್ಕೆ ಏನು ಹಾಕಬೇಕು

ಜೀನ್ಸ್ ಬಿಡಿ. ಮಳೆಗಾಲದಲ್ಲಿ ತೊಯ್ದ ಜೀನ್ಸ್ ಮೂರು ದಿನ ಆರುವುದಿಲ್ಲ, ಸೆಕೆಗಾಲದಲ್ಲಿ ಬೆವರಿಗೆ ತೊಯ್ದದ್ದೂ ಅಷ್ಟೇ. ತೆಳು ಹತ್ತಿ, ಒಂದು ಅಂಗಿ ಹೆಚ್ಚಿಗೆ. ತೊಗಲಿನ ಚಪ್ಪಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಲ್ಲೇ ಇರಲಿ, ರಬ್ಬರಿನ ಪಟ್ಟಿಯದು ಹಾಕಿಕೊಳ್ಳಿ. ಆಸ್ಪತ್ರೆಯ ಕಾಗದ, ಎಕ್ಸ್-ರೇ ಎಲ್ಲ ಮೊದಲು ಪ್ಲಾಸ್ಟಿಕ್ ಚೀಲಕ್ಕೆ, ಆಮೇಲೆ ಬ್ಯಾಗಿಗೆ. ಚಳಿಗಾಲದ ಮುಂಬೈಗೆ ಸ್ವೆಟರ್ ಬೇಡ, ಆದರೆ ಬೆಳಗಿನ ಜಾವದ ಪುಣೆಗೂ ಎಸಿ ಬೋಗಿಗೂ ಬೇಕು. ಧಾರವಾಡದವರಿಗೆ ಇದನ್ನು ಹೇಳಬೇಕಿಲ್ಲ. ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್‌ನಲ್ಲಿ ಓಆರ್‌ಎಸ್ ಪೊಟ್ಟಣ ನಾಲ್ಕು. ಹಿರಿಯರಿಗೆ ಬಾಯಾರುವ ಮುಂಚೆಯೇ ಕುಡಿಸಿ, ಅವರು ತಾವಾಗಿ ಕೇಳುವುದಿಲ್ಲ.

ಪೇಡಾ ಮಳೆಗಾಲದಲ್ಲಿ ಎರಡು ಮೂರು ದಿನದೊಳಗೆ ತಿಂದು ಮುಗಿಯುವಷ್ಟೇ ಒಯ್ಯಿರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ತಿರುಪು ಮುಚ್ಚಳದ ಬಾಟಲಿ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟುವುದು ನಮ್ಮ ಹವೆಗೆ ಸರಿ, ಅಲ್ಲಿಗೆ ಸ್ಟೀಲಿನ ಬಿಗಿ ಡಬ್ಬಿ ಬೇಕು. ಡಬ್ಬಿಯ ತಳಕ್ಕೆ ಎರಡು ಹಿಡಿ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ತೇವ ಅದು ಹೀರುತ್ತದೆ. ಕಳೆದ ಜುಲೈಯಲ್ಲಿ ಅವ್ವ ಹಾಗೆ ಮಾಡಿ ಕೊಟ್ಟಳು. ಆರನೆಯ ದಿನ ಅಕ್ಕ ಡಬ್ಬಿ ತೆರೆದು ಒಂದು ರೊಟ್ಟಿ ಮುರಿದಳು. ಚಟ್ ಎನ್ನಲಿಲ್ಲ, ಆದರೆ ಮುರಿಯಿತು.